ಬೊಳ್ಳುವಿಗೆ ಪ್ರಥಮ ಬಹುಮಾನ

"ಇದರಲ್ಲಿ ಎಂತ ಬರೆದದ್ದು ಅಂತ ನಾನು ಯಾವ ದೇವರ ಹತ್ರ ಕೇಳುವುದು?"

ಸೀತಾಂಗೋಳಿಗೆ ಹೋಗುವ ದಾರಿಯ ಬಸ್ ಸ್ಟ್ಯಾಂಡಿನಲ್ಲಿ, ಕೈಯಲ್ಲೊಂದು ಕಾಗದ ಹಿಡಿದು, ಬೀಡಿ ಕಟ್ಟುವ ಅಮ್ಮು ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಕೇಳಿ ಸುಮ್ಮನಾಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಕಂಬದ ಆಚೆ ಬದಿಯಲ್ಲಿ ವಾರ್ಡಿನ ಮೆಂಬರ್ ತಿರುಮಲೇಶ್ವರ ಕುಳಿತಿದ್ದ. ಅವನು ಬಸ್ಸಿಗೆ ಕಾಯುತ್ತಿದ್ದುದಲ್ಲ, ಅವನಿಗೆ ಸ್ವಂತ ಜೀಪು ಇತ್ತು. ಆ ಜೀಪಿನ ಬಾಗಿಲ ಬುಡದಲ್ಲಿ ಒಂದು ನಾಯಿ ಮಲಗಿತ್ತು. ಅದು ತಾನಾಗಿ ಏಳುವವರೆಗೆ ಮೆಂಬರ್ ಕಾಯುತ್ತಿದ್ದ.

ತಿರುಮಲೇಶ್ವರ ಮೆಂಬರಾಗುವ ಮೊದಲು ಮೈಕ್ ಸೆಟ್ಟಿನವನು. ಜೀಪಿನ ತಲೆಯ ಮೇಲೆ ಎರಡು ಸ್ಪೀಕರ್ ಕಟ್ಟಿಕೊಂಡು ಇಪ್ಪತ್ತು ವರ್ಷ ಊರೂರಿಗೆ ಪ್ರಕಟಣೆ ಕೊಟ್ಟವನು. ನಳ್ಳಿನೀರು ಬರುವುದಿಲ್ಲ, ಪೋಲಿಯೋ ಹನಿ ಹಾಕಿಸಿ, ಸರ್ಕಸ್ಸಿಗೆ ಇಂದೇ ಕಡೆಯ ದಿನ, ಎಲ್ಲವನ್ನೂ ಕನ್ನಡದಲ್ಲಿ ಒಮ್ಮೆ, ಮಲಯಾಳದಲ್ಲಿ ಒಮ್ಮೆ. ಕನ್ನಡದ್ದು ಚೀಟಿ ನೋಡಿ ಓದುತ್ತಿದ್ದ. ಮಲಯಾಳದ್ದನ್ನು ಯಾರಿಂದಲಾದರೂ ಹೇಳಿಸಿ, ಕೇಳಿ, ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಊರಿನವರಿಗೆ ಸ್ಪೀಕರಿನಿಂದ ಬಂದದ್ದು ಮಾತ್ರ ಗೊತ್ತು. ಗಡಿಯ ಆ ಊರಿಗೆ ಆಫೀಸಿನ ಕಾಗದಗಳೆಲ್ಲ ಮಲಯಾಳದಲ್ಲೇ ಬರುವ ಕಾಲದಲ್ಲಿ ಓದಿ ಹೇಳುವವನೊಬ್ಬ ಪಂಚಾಯತಿನಲ್ಲಿ ಬೇಕೆಂದು ಅವರು ಅವನನ್ನು ಹನ್ನೊಂದು ಮತಗಳಿಂದ ಗೆಲ್ಲಿಸಿದರು. ಅವನಿಗೆ ಮಲಯಾಳದ ಒಂದು ಅಕ್ಷರವೂ ಓದಲು ಬಾರದೆಂಬುದು ಅವನಿಗೂ ದೇವರಿಗೂ ಮಾತ್ರ ಗೊತ್ತಿತ್ತು. ದೇವರು ಯಾರಿಗೂ ಹೇಳಿರಲಿಲ್ಲ.

ಇನ್ನೊಂದು ಭರವಸೆಯನ್ನೂ ಅವನು ಕೊಟ್ಟಿದ್ದ: ಬೀದಿನಾಯಿ ಇಲ್ಲದ ವಾರ್ಡು. ಅದು ಮನಃಪೂರ್ವಕ ಕೊಟ್ಟದ್ದು. ನಾಯಿ ಕಂಡರೆ ಅವನು ದಾರಿ ಬದಲಿಸುತ್ತಿದ್ದ.

"ಮೆಂಬರಣ್ಣ, ನೀವು ಇಲ್ಲೇ ಇದ್ದೀರಾ! ದೇವರೇ ಕೂರಿಸಿದ ಹಾಗೆ ಆಯ್ತು," ಎಂದಳು ಅಮ್ಮು. "ಇದೊಂದು ಓದಿ ಹೇಳಿ. ಇವರು ನಿನ್ನೆಯಿಂದ ಒಂದೇ ಸಮ ಕೇಳುತ್ತಾ ಇದ್ದಾರೆ."

ಇವರು ಎಂದರೆ ಪಕ್ಕದಲ್ಲಿ ಕುಳಿತಿದ್ದ ಅವಳ ಗಂಡ ಕುಂಞ. ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುವಾಗ ಚೂರು ಸಿಡಿದು ಒಂದು ಕಣ್ಣು ಹೋಯಿತು. ಇನ್ನೊಂದು ಎರಡು ವರ್ಷ ಕಾದು, ಜೊತೆಗಾರನನ್ನು ಬಿಟ್ಟಿರಲಾರದೆ, ತಾನೂ ಹೋಯಿತು. ಜೀಪಿನ ಬುಡದಲ್ಲಿ ಮಲಗಿದ್ದ ಬಿಳಿ ನಾಯಿ ಬೊಳ್ಳು ಅವನದೇ. ಕುಂಞ ಕೋಲಿನಿಂದ ನೆಲಕ್ಕೆ ಮೂರು ಸಲ ಕುಟ್ಟಿದರೆ ಬೊಳ್ಳು ಎದ್ದು ಮುಂದೆ ನಡೆಯುತ್ತದೆ, ಎರಡು ಸಲ ಕುಟ್ಟಿದರೆ ನಿಲ್ಲುತ್ತದೆ. ಕುಟ್ಟದಿದ್ದರೆ ಸಿಡಿಲು ಬಡಿದರೂ ಏಳುವುದಿಲ್ಲ. ಹಳೆಯ ಕೋರೆಯ ಹೊಂಡದ ಅಂಚಿನಲ್ಲಿ ಕುಂಞನನ್ನು ದಿನವೂ ಸಂಜೆ ಭಜನಾ ಮಂದಿರಕ್ಕೆ ಕರೆದೊಯ್ಯುತ್ತಿದ್ದುದು ಅದೇ. ಅಲ್ಲಿ ಈಶ್ವರಪ್ರಸಾದ ಮಾಸ್ಟ್ರು ಪುರಾಣದ ಪದ್ಯಗಳನ್ನು ರಾಗವಾಗಿ ಓದುತ್ತಾರೆ. ನಾಯಿಗೆ ಒಳಗೆ ಪ್ರವೇಶವಿಲ್ಲ, ನಾಯಿಯನ್ನು ಬಿಟ್ಟು ಒಳಗೆ ಹೋಗಲು ಕುಂಞನಿಗೆ ಮನಸ್ಸಿಲ್ಲ. ಆದ್ದರಿಂದ ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದರು. ಒಮ್ಮೆ ಕಿವಿಗೆ ಬಿದ್ದ ಪದ್ಯ ಕುಂಞನಲ್ಲಿ ಹಾಗೆಯೇ ಇರುತ್ತಿತ್ತು. ಮಾಸ್ಟ್ರಿಗೆ ಪುಟ ತಪ್ಪಿದರೆ ಮೆಟ್ಟಿಲಿನಿಂದ ಮೆಲ್ಲನೆ ಮುಂದಿನ ಸಾಲು ಬರುತ್ತಿತ್ತು.

ಅಂಥ ಕಿವಿಯ ಎದುರು ತಿರುಮಲೇಶ್ವರ ಕನ್ನಡಕ ಹಾಕಿಕೊಂಡ. ಕಾಗದದಲ್ಲಿ ಒಂದು ನಾಯಿಯ ಚಿತ್ರವಿತ್ತು. ಹನ್ನೆರಡು ಎಂಬ ಅಂಕಿ ಇತ್ತು. ಕೆಳಗೆ ಸೀಲು ಇತ್ತು. ಉಳಿದದ್ದೆಲ್ಲ ಅವನಿಗೆ ಜಿಲೇಬಿ. ಆದರೂ ಇಂಥ ಹೊತ್ತಿಗೆ ಎಂದು ಅವನ ಬಳಿ ಒಂದು ಓದು ತಯಾರಿತ್ತು. ಕರೆಂಟಿನವರ ಕಾಗದಕ್ಕೂ ರೇಶನ್ ಕಾರ್ಡಿನ ಕಾಗದಕ್ಕೂ ಅದನ್ನೇ, ನಡುವೆ ಸಂದರ್ಭಕ್ಕೊಂದು ಮಾತು ಸೇರಿಸಿ, ಓದುತ್ತಿದ್ದ.

"ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿ ತಮಗೆ ತಿಳಿಯಪಡಿಸುವುದೇನೆಂದರೆ, ತಮ್ಮ ಸಹಕಾರಕ್ಕೆ ಪಂಚಾಯತು ಸಂತೋಷ ವ್ಯಕ್ತಪಡಿಸುತ್ತದೆ. ಹನ್ನೆರಡನೇ ತಾರೀಕು ವಾಹನ ಬರುವುದು. ನಾಯಿಯನ್ನು ಸ್ನಾನ ಮಾಡಿಸಿ ಸಿದ್ಧವಾಗಿಡತಕ್ಕದ್ದು. ಗಣತಿ ಮುಗಿದ ಬಳಿಕ ಅದೇ ವಾಹನದಲ್ಲಿ ಹಿಂತಿರುಗಿಸಲಾಗುವುದು. ಗಾಬರಿಪಡುವ ಅಗತ್ಯವಿಲ್ಲ."

"ನಾಯಿಗೂ ಗಣತಿಯಾ?" ಎಂದಳು ಅಮ್ಮು.

"ಎಲ್ಲದಕ್ಕೂ ಉಂಟು ಈಗ."

ಕುಂಞ ಕೇಳಿದ್ದನ್ನು ಒಮ್ಮೆ ಬಾಯೊಳಗೇ ಹೇಳಿಕೊಂಡು, ಕೋಲಿನಿಂದ ಮೂರು ಸಲ ಕುಟ್ಟಿದ. ಬೊಳ್ಳು ಎದ್ದಿತು. ಮೆಂಬರ್ ಜೀಪು ಹತ್ತಿದ.

ಕಾಗದದಲ್ಲಿ ನಿಜವಾಗಿ ಇದ್ದದ್ದು ಇಷ್ಟು: ಹನ್ನೆರಡನೇ ತಾರೀಕಿನೊಳಗೆ ನಾಯಿಗೆ ಚುಚ್ಚುಮದ್ದು ಹಾಕಿಸಿ ಲೈಸನ್ಸು ಮಾಡಿಸದಿದ್ದರೆ ಅದನ್ನು ಬೀದಿನಾಯಿ ಎಂದು ಎಣಿಸಿ ಹಿಡಿದೊಯ್ಯಲಾಗುವುದು.

ಹನ್ನೆರಡರಂದು ಅಮ್ಮು ಬೊಳ್ಳುವಿಗೆ ಸೀಗೆಪುಡಿ ಹಾಕಿ ಸ್ನಾನ ಮಾಡಿಸಿದಳು. ಕುತ್ತಿಗೆಗೆ ಹಳೆಯ ಸೀರೆಯ ಅಂಚಿನ ಪಟ್ಟಿ ಕಟ್ಟಿ ಗೇಟಿಗೆ ಬಿಗಿದು ನಿಲ್ಲಿಸಿದಳು. ನಾಯಿ ಹಿಡಿಯುವವರು ಬಲೆ ಹಿಡಿದು ಇಳಿದವರು ಬಲೆಯನ್ನು ವಾಪಸು ಗಾಡಿಗೆ ಹಾಕಿದರು. ಇಷ್ಟು ವರ್ಷದ ಕೆಲಸದಲ್ಲಿ ಹೀಗೆ ಮಿಂದು ಕಾಯುತ್ತಿದ್ದ ನಾಯಿಯನ್ನು ಅವರು ಕಂಡಿರಲಿಲ್ಲ. ಅಮ್ಮು ಅವರಿಗೆ ಮಜ್ಜಿಗೆ ಕೊಟ್ಟಳು. ಕುಂಞ ಬೊಳ್ಳುವಿನ ತಲೆ ಸವರಿ, "ಲೆಕ್ಕ ಕೊಟ್ಟು ಬೇಗ ಬಾ," ಎಂದ.

ಇತ್ತ ಪಂಚಾಯತಿನಲ್ಲಿ ಅದೇ ವಾರ ಅಧ್ಯಕ್ಷೆ ಸೌದಾಮಿನಿ ಒಂದು ಹೊಸ ಕಾರ್ಯಕ್ರಮ ತಂದಿದ್ದರು. ಅದರ ಹೆಸರು ಜನಪ್ರತಿನಿಧಿಗಳ ಶ್ವಾನ ಸ್ಪರ್ಧೆ.

"ನಾಯಿಯನ್ನು ಕಂಡರೆ ಕಲ್ಲು ಹುಡುಕುವ ಅಭ್ಯಾಸ ಜನರಿಂದ ಹೋಗಬೇಕು," ಎಂದರು ಮೀಟಿಂಗಿನಲ್ಲಿ. "ಅದಕ್ಕೆ ಮೊದಲು ನಮ್ಮ ಮನೆಗೆ ನಾಯಿ ಬರಬೇಕು. ಹಿಡಿದು ತಂದ ನಾಯಿಗಳು ಪಶು ಆಸ್ಪತ್ರೆಯ ಶೆಡ್ಡಿನಲ್ಲಿ ಉಂಟು. ಒಬ್ಬೊಬ್ಬರು ಒಂದೊಂದನ್ನು ದತ್ತು ತೆಗೆದುಕೊಂಡು, ಸಾಕಿ, ಇಪ್ಪತ್ತೈದನೇ ತಾರೀಕು ಭಾನುವಾರ ಶಾಲೆಯ ಮೈದಾನಕ್ಕೆ ತರುವುದು. ಕ್ಷೇಮ ಸ್ಥಾಯೀ ಸಮಿತಿಯ ಅಧ್ಯಕ್ಷತೆ ಖಾಲಿ ಉಂಟಲ್ಲ, ಯಾರೆಂದು ನೋಡುವಾಗ ಇದನ್ನೂ ನೋಡುವ."

ಸ್ಥಾಯೀ ಸಮಿತಿಯ ಅಧ್ಯಕ್ಷನಿಗೆ ಬೇರೆ ಮೇಜು ಉಂಟು, ಮೇಜಿನ ಮೇಲೆ ಹೆಸರಿನ ಹಲಗೆ ಉಂಟು. ಆದರೆ ಮಾತು ಮಲಯಾಳದಲ್ಲಿ ನಡೆದಿತ್ತು, ವೇಗವಾಗಿ ನಡೆದಿತ್ತು. ತಿರುಮಲೇಶ್ವರನಿಗೆ ನಾಯಿ, ಹಿಡಿಯುವುದು, ಭಾನುವಾರ, ಸ್ಥಾಯೀ ಸಮಿತಿ ಎಂಬಷ್ಟು ಹಿಡಿತಕ್ಕೆ ಸಿಕ್ಕಿತು. ನಾಯಿಗಳನ್ನೆಲ್ಲ ಹಿಡಿದು ದಾಟಿಸುವ ಯೋಜನೆ ಕೊನೆಗೂ ಬಂತೆಂದು ಅವನ ಕಣ್ಣು ತುಂಬಿತು. ಗುಮಾಸ್ತ ಕುಶಲ್ ಒಂದು ಫಾರಂ ತಂದು, ಎಂದಿನಂತೆ ಸಹಿ ಬೀಳಬೇಕಾದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಟ್ಟ.

"ಓದಿ ನೋಡಿ ಸಾರ್."

"ಓದಲಿಕ್ಕೆ ಎಂತ ಉಂಟು ಮಾರಾಯ? ಇದಕ್ಕೆ ನನ್ನ ಸಹಿಯೇ ಮೊದಲು ಬೀಳಬೇಕು."

ಮೊದಲು ಬಿತ್ತು.

ಹದಿನೆಂಟನೇ ತಾರೀಕು ಬೆಳಿಗ್ಗೆ ಪಶುವೈದ್ಯರ ಜೀಪು ಬಂದು ಒಂದು ಬಿಳಿ ನಾಯಿಯನ್ನು ಅಂಗಳದಲ್ಲಿ ಇಳಿಸಿತು. ಎಡಗಿವಿಯ ತುದಿ ಕತ್ತರಿಸಿತ್ತು; ಮಕ್ಕಳಾಗದಂತೆ ಆಪರೇಶನ್ ಮಾಡಿದ ನಾಯಿಗೆ ಅದೇ ಗುರುತು. ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಿತ್ತು. ತಿರುಮಲೇಶ್ವರ ಚಾವಡಿಯ ಬಾಗಿಲು ಹಾಕಿಕೊಂಡು ಕಿಟಕಿಯಿಂದ ಸಹಿ ಮಾಡಿದ. ಈ ಸಲದ ಕಾಗದವನ್ನು ವೈದ್ಯರೇ ಕನ್ನಡದಲ್ಲಿ ವಿವರಿಸಿದರು: ಲೈಸನ್ಸು ನಿಮ್ಮ ಹೆಸರಿನಲ್ಲಿ, ಅಭಿನಂದನೆಗಳು.

ಅವನ ಹೆಂಡತಿ ಮೂಕಾಂಬಿಕಾ ಹೊರಗೆ ಬಂದು ನಾಯಿಯನ್ನು ನೋಡಿದಳು. ನಾಯಿ ಬಾಲ ಆಡಿಸಿತು. ಕುತ್ತಿಗೆಯಲ್ಲಿ ಸೀರೆಯ ಅಂಚಿನ ಪಟ್ಟಿ ಹಾಗೆಯೇ ಇತ್ತು.

"ಇದು ಕುಂಞನ ಬೊಳ್ಳು ಅಲ್ವಾ?"

"ಬಿಳಿ ನಾಯಿಗಳೆಲ್ಲ ಹಾಗೇ ಕಾಣುವುದು."

"ಆ ಸೀರೆ ನಾನು ಅಮ್ಮುವಿಗೆ ಕೊಟ್ಟದ್ದು. ಈಗಲೇ ಕೊಟ್ಟು ಬನ್ನಿ."

"ಕೊಟ್ಟರೆ, ಇದು ನಿಮ್ಮಲ್ಲಿಗೆ ಹೇಗೆ ಬಂತು ಅಂತ ಕೇಳ್ತಾರೆ."

"ಹೇಳಿ."

"ಹೇಳಿದರೆ, ಆವತ್ತಿನ ಕಾಗದದಲ್ಲಿ ಎಂತ ಇತ್ತು ಅಂತ ಕೇಳ್ತಾರೆ."

"ಅದನ್ನೂ ಹೇಳಿ."

"ನನಗೆ ಗೊತ್ತಿಲ್ಲವಲ್ಲ!"

ಮೂಕಾಂಬಿಕಾ ಕಿಟಕಿಯ ಹತ್ತಿರ ಬಂದಳು. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು.

"ಹಾಗಾದರೆ ನನ್ನ ಅಪ್ಪನ ಜಾಗದ ಕಾಗದ ಓದಿ ಹೇಳಿದ್ದು?"

ತಿರುಮಲೇಶ್ವರ ಕಿಟಕಿಯ ಸರಳು ಎಣಿಸತೊಡಗಿದ.

"ಗಾಬರಿಪಡುವ ಅಗತ್ಯವಿಲ್ಲ ಅಂತ ಓದಿದ್ದಿರಲ್ಲ! ಈಗ ಆ ಜಾಗದಲ್ಲಿ ಯಾರದೋ ಪೆಟ್ರೋಲ್ ಪಂಪು ಉಂಟು!"

ಇಪ್ಪತ್ತೈದು ಕಳೆಯಲಿ, ಆಮೇಲೆ ಹೇಗಾದರೂ ಮಾಡಿ ಕೊಡುವ ಎಂದು ಅವನು ದೇವರ ಮೇಲೆ ಆಣೆ ಹಾಕಿದ. ಬೊಳ್ಳುವನ್ನು ಹಿತ್ತಲಿನ ಮೈಕ್ ಶೆಡ್ಡಿನಲ್ಲಿ ಕಟ್ಟಿದ್ದಾಯಿತು. ಕಟ್ಟಿದ್ದು ಮೂಕಾಂಬಿಕಾ. ಮೆಂಬರ್ ಅಡಿಕೆ ಕೊಯ್ಯುವ ಉದ್ದದ ದೋಟಿಯ ತುದಿಗೆ ಬಿಸ್ಕತ್ತು ಸಿಕ್ಕಿಸಿ, ಹದಿನೈದು ಅಡಿ ದೂರದಿಂದ ಸ್ನೇಹ ಬೆಳೆಸಿದ. ನಾಯಿ ಬಿಸ್ಕತ್ತನ್ನೂ ಮೂಸಲಿಲ್ಲ, ಅನ್ನವನ್ನೂ ಮೂಸಲಿಲ್ಲ. ಮುಂಗಾಲುಗಳ ಮೇಲೆ ತಲೆಯಿಟ್ಟು ನೆಲಕ್ಕೆ ಕಿವಿಗೊಟ್ಟು ಮಲಗಿತು.

ಗುರುವಾರ ಸಂಜೆ ಕುಂಞ ಅಮ್ಮುವಿನ ಹೆಗಲು ಹಿಡಿದುಕೊಂಡು ಗೇಟಿಗೆ ಬಂದ. ದೂರದಿಂದಲೇ ಕಂಡ ತಿರುಮಲೇಶ್ವರ ಶೆಡ್ಡಿಗೆ ಓಡಿ, ಸಿಕ್ಕಿದ ಭಜನೆಯನ್ನು ದೊಡ್ಡ ಸ್ಪೀಕರಿಗೆ ಹಾಕಿ, ಬೆವರು ಒರೆಸುತ್ತಾ ಅಂಗಳಕ್ಕೆ ಬಂದ. ಮೆಂಬರಾದ ಮೇಲೆ ಅವನು ಕುಂಞನನ್ನು ಕುಂಞಣ್ಣ ಎನ್ನುತ್ತಿದ್ದ.

"ಎಂತ ಕುಂಞಣ್ಣ, ಇಷ್ಟು ದೂರ!"

"ಗಣತಿ ಮುಗಿಯಲಿಲ್ಲವಾ ಅಂತ ಕೇಳಲಿಕ್ಕೆ ಬಂದದ್ದು."

"ಸರಕಾರದ ಕೆಲಸ ಅಲ್ವಾ, ನಿಧಾನ!"

"ಇವರನ್ನು ಕರೆದುಕೊಂಡು ತಿರುಗಿದರೆ ನನ್ನ ಬೀಡಿ ಯಾರು ಕಟ್ಟುವುದು?" ಎಂದಳು ಅಮ್ಮು. "ಮಂದಿರಕ್ಕೆ ಹೋಗದೆ ಹತ್ತು ದಿನ ಆಯ್ತು. ಮನೆಯಲ್ಲಿ ಕೂತು ಅದೇ ಹಳೆಯ ಪದ್ಯ ಹೇಳಿ ನನ್ನ ತಲೆ ತಿನ್ನುವುದು!"

ಕುಂಞ ತಲೆ ಓರೆ ಮಾಡಿ ನಿಂತಿದ್ದ.

"ಮೆಂಬರಣ್ಣ, ಈ ಭಜನೆಯ ಒಳಗೆ ಒಂದು ನಾಯಿ ಉಂಟಲ್ಲ."

"ಸ್ಪೀಕರ್ ಹಾಳಾದದ್ದು. ಮಳೆಗೆ ನೀರು ಹೋಗಿದೆ."

"ಅಳುತ್ತಾ ಉಂಟು."

"ನೀರು ಹೋದರೆ ಹಾಗೇ."

ಕುಂಞ ಮತ್ತೆ ಅಮ್ಮುವಿನ ಹೆಗಲಿಗೆ ಕೈಯಿಟ್ಟ. ಮೆಂಬರು ಸುಳ್ಳು ಹೇಳುತ್ತಾನೆಂದು ಎಣಿಸುವುದು ಅವನಿಗೆ ಬರುತ್ತಿರಲಿಲ್ಲ. ಓದಿ ಹೇಳಿದ್ದು ಸತ್ಯ ಎಂದೇ ನಂಬಿ ಬೆಳೆದವನು. ಅಮ್ಮು ಅವನನ್ನು ತಿರುಗಿಸಿಕೊಂಡು ಹೋದಳು.

ಶನಿವಾರ ಬೀಡಿಯ ಲೆಕ್ಕ ಒಪ್ಪಿಸಲು ಹೋದ ಅಮ್ಮುವಿಗೆ ಬಸ್ಸು ತಪ್ಪಿತು. ಮಂದಿರದಲ್ಲಿ ಮಾಸ್ಟ್ರು ಅಂದು ಹೊಸ ಸಂಧಿ ಶುರು ಮಾಡುವುದಿತ್ತು. ಮೈಕಿನಲ್ಲಿ ಶ್ರುತಿ ಕೇಳಿಸಿದ ಮೇಲೆ ಕುಂಞನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೆಜ್ಜೆ ಎಣಿಸುತ್ತಾ ಹೊರಟ. ನಾನೂರ ಹನ್ನೆರಡನೇ ಹೆಜ್ಜೆಗೆ ಎಡಕ್ಕೆ ತಿರುಗಬೇಕು. ನಾನೂರ ಹನ್ನೊಂದನೆಯದು ಕೋರೆಯ ಹೊಂಡಕ್ಕೆ ಬಿತ್ತು. ಹದಿನೆಂಟು ಅಡಿ ಕೆಳಗೆ, ಕೆಂಪು ನೀರಿನಲ್ಲಿ ಸೊಂಟದವರೆಗೆ ಮುಳುಗಿ, ತೊಡೆಯೂ ಬಲಗೈಯೂ ಮುರಿದು ಅವನು ಮಲಗಿದ್ದಾಗ ಮೇಲಿನಿಂದ ಪದ್ಯ ಸ್ಪಷ್ಟವಾಗಿ ಕೇಳಿಸುತ್ತಿತ್ತಂತೆ. ಓದು ಮುಗಿದು ಮಂಗಳ ಹಾಡಿ ಸ್ಪೀಕರ್ ನಿಲ್ಲಿಸಿದ ಮೇಲೆಯೇ ಅವನ ಕೂಗು ಉಳಿದವರಿಗೆ ಕೇಳಿಸಿದ್ದು.

ಮರುದಿನ ಶಾಲೆಯ ಮೈದಾನದಲ್ಲಿ ಪೆಂಡಾಲು ಹಾಕಿ, ನಾಯಿಗಳಿಗೂ ಜನಪ್ರತಿನಿಧಿಗಳಿಗೂ ಬೇರೆ ಬೇರೆ ನಂಬರು ಅಂಟಿಸಿದ್ದರು. ಸ್ಪರ್ಧೆ ಮೂರು ಸುತ್ತು: ಕರೆದಾಗ ಬರುವುದು, ಕೈಯಿಂದ ತಿನ್ನುವುದು, ಹೇಳಿದಲ್ಲಿ ಕೂರುವುದು. ಮೊದಲ ಸುತ್ತಿನಲ್ಲಿ ಉಪಾಧ್ಯಕ್ಷರು ಕರೆದಾಗ ಒಂಬತ್ತು ನಾಯಿಗಳು ಒಟ್ಟಿಗೆ ಬಂದವು. ಉಪಾಧ್ಯಕ್ಷರು ಧ್ವಜಸ್ತಂಭ ಹತ್ತಿದರು. ಎರಡನೇ ಸುತ್ತಿನಲ್ಲಿ ವಿರೋಧಪಕ್ಷದ ಶ್ರೀರಾಮ ನಾಯಿಗೆ ಕೋಳಿಕಾಲು ಕೊಡುವಾಗ ನಾಯಿಗೆ ಕೋಳಿಯದು ಯಾವುದು, ಶ್ರೀರಾಮನದು ಯಾವುದು ಎಂದು ಸ್ಪಷ್ಟವಾಗಲಿಲ್ಲ. ಅವನನ್ನು ಚುಚ್ಚುಮದ್ದಿಗೆ ಒಯ್ಯುವಾಗ, "ಇದು ಆಡಳಿತ ಪಕ್ಷದ ಪಿತೂರಿ!" ಎಂದು ಆಂಬುಲೆನ್ಸಿನಿಂದ ಕೇಳಿಸಿತು. ನಾಯಿಗಳನ್ನು ಕಂಡರೆ ಕಲ್ಲು ಹುಡುಕುವ ಅಭ್ಯಾಸವನ್ನು ಬಿಟ್ಟಿದ್ದ ಪ್ರೇಕ್ಷಕರು ಮತ್ತೆ ಹುಡುಕತೊಡಗಿದರು.

ಈ ಕುರುಕ್ಷೇತ್ರದ ನಡುವೆ ಏಳನೇ ನಂಬರಿನ ಬೊಳ್ಳು ಇಟ್ಟಲ್ಲಿ ಮಲಗಿತ್ತು. ಕರೆದರೆ ಏಳಲಿಲ್ಲ, ಕಚ್ಚಾಟಕ್ಕೆ ಏಳಲಿಲ್ಲ, ದೋಟಿಯ ತುದಿಯ ಬಿಸ್ಕತ್ತು ಮೂಗಿಗೆ ತಾಗಿದರೂ ಏಳಲಿಲ್ಲ. ಯಾರೂ ನೆಲಕ್ಕೆ ಮೂರು ಸಲ ಕುಟ್ಟಿರಲಿಲ್ಲ. ಏಳು ದಿನದಿಂದ ಏನೂ ತಿಂದಿರಲಿಲ್ಲ.

"ಎಂಥ ಶಿಸ್ತು!" ಎಂದರು ಪಶುವೈದ್ಯರು. ಪ್ರಥಮ ಬಹುಮಾನ ಏಳನೇ ನಂಬರಿಗೆ; ನಾಯಿಯನ್ನು ಎತ್ತಿ ವೇದಿಕೆಯ ಮೇಲೆ ಮಲಗಿಸಿದರು.

ಕುತ್ತಿಗೆಗೆ ಪದಕ ಬಿದ್ದಿತು; ನಾಯಿಯದಕ್ಕಲ್ಲ, ಮೆಂಬರನದಕ್ಕೆ. ಎರಡು ಮಾತು ಮಲಯಾಳದಲ್ಲಿ ಹೇಳಿ ಎಂದು ಸೌದಾಮಿನಿ ಮೈಕು ಕೊಟ್ಟರು. ತನ್ನದೇ ಮೈಕು. ತಿರುಮಲೇಶ್ವರನ ಬಾಯಿ ತಾನಾಗಿ ಹಳೆಯ ದಾರಿ ಹಿಡಿಯಿತು. ನಾಯಿಯಿಂದ ಶುರುವಾದ ಭಾಷಣ ಎರಡನೇ ವಾಕ್ಯಕ್ಕೆ ನಳ್ಳಿನೀರಿಗೆ ಇಳಿದು, ಮೂರನೆಯದಕ್ಕೆ ಸರ್ಕಸ್ಸಿನ ಕಡೆಯ ದಿನಕ್ಕೆ ಬಂದು ಮುಟ್ಟಿತು. ಮಲಯಾಳ ಬಲ್ಲವರು ಮುಖ ಮುಖ ನೋಡಿಕೊಂಡರು. ಬಾರದವರು ಚಪ್ಪಾಳೆ ತಟ್ಟಿದರು.

ಆಗಲೇ ಅಮ್ಮು ಪೆಂಡಾಲಿಗೆ ಬಂದದ್ದು. ಆಸ್ಪತ್ರೆಯಿಂದ ನೇರ ಬಂದಿದ್ದಳು; ಸೀರೆಯಲ್ಲಿ ಹೊಂಡದ ಕೆಂಪು ಮಣ್ಣು ಹಾಗೆಯೇ ಇತ್ತು. ಮೆಂಬರನ ಹತ್ತಿರ ಆಸ್ಪತ್ರೆಗೊಂದು ಚೀಟಿ ಬರೆಸಿಕೊಳ್ಳುವ ಎಂದು ಬಂದವಳು ವೇದಿಕೆಯ ಮೇಲೆ ನಾಯಿಯನ್ನು ಕಂಡಳು.

"ಬೊಳ್ಳು!"

ಬೊಳ್ಳು ಎದ್ದಿತು. ಎರಡು ಹೆಜ್ಜೆ ಬಂದು, ಕಾಲು ಸೋತು, ವೇದಿಕೆಯ ಮೆಟ್ಟಿಲಲ್ಲಿ ಕುಸಿಯಿತು.

"ಗಣತಿ ಇಲ್ಲಿ ನಡೆಯುವುದಾ ಮೆಂಬರಣ್ಣ?" ಅವಳ ಸ್ವರ ಎತ್ತರದ್ದಲ್ಲ. ಆದರೆ ಮೈಕು ಒಳ್ಳೆಯ ಕಂಪೆನಿಯದು, ಹತ್ತಿರ ಬಂದದ್ದನ್ನೆಲ್ಲ ಹಿಡಿಯುತ್ತಿತ್ತು. "ನಿನ್ನೆ ಇವರು ಹೊಂಡಕ್ಕೆ ಬಿದ್ದರು. ನಾಯಿ ಇಲ್ಲದ್ದಕ್ಕೆ ಬಿದ್ದದ್ದು. ನಾಯಿ ಇಲ್ಲಿ ಉಂಟು, ಪದಕ ನಿಮ್ಮ ಕುತ್ತಿಗೆಯಲ್ಲಿ ಉಂಟು!"

ಧ್ವಜಸ್ತಂಭದಲ್ಲಿದ್ದ ಉಪಾಧ್ಯಕ್ಷರೂ ಕಿವಿಗೊಟ್ಟರು.

"ಇದೆಂತ ತಿರುಮಲೇಶ್ವರರೇ?" ಎಂದರು ಸೌದಾಮಿನಿ.

ಸತ್ಯ ಹೇಳಲು ಒಂದು ಗಳಿಗೆ ಇತ್ತು. ಆ ಗಳಿಗೆಯಲ್ಲಿ ಅವನ ಕಣ್ಣಿಗೆ ಹೆಸರಿನ ಹಲಗೆಯುಳ್ಳ ಮೇಜು ಬಂತು.

"ಕುಂಞಣ್ಣನ ನಾಯಿ ದಾರಿ ತಪ್ಪಿ ಸಾಯಬಾರದು ಅಂತ ನಾನೇ ಬಿಡಿಸಿ ತಂದು ಸಾಕಿದ್ದು," ಎಂದ ಮೈಕಿನಲ್ಲಿ. "ಈ ವೇದಿಕೆಯಲ್ಲೇ ಹಿಂತಿರುಗಿಸಬೇಕೆಂದು ಗುಟ್ಟಾಗಿ ಇಟ್ಟಿದ್ದೆ!"

ಚಪ್ಪಾಳೆ ಮೂರು ನಿಮಿಷ ನಡೆಯಿತು. ಯಾರೋ ಅಮ್ಮುವಿನ ಕೈಗೆ ಹೂಗುಚ್ಛ ಕೊಟ್ಟು ಫೋಟೊ ತೆಗೆದರು. ಅವಳು ಹೂಗುಚ್ಛವನ್ನು ಕುರ್ಚಿಯ ಮೇಲಿಟ್ಟು, ಬಸ್ಸಿಗೆ ಹತ್ತಿಸಲಾಗದ ಬೊಳ್ಳುವನ್ನು ಅಲ್ಲೇ ಬಿಟ್ಟು, ಆಸ್ಪತ್ರೆಯ ಬಸ್ಸಿಗೆ ಓಡಿದಳು.

ಬುಧವಾರ ಸೌದಾಮಿನಿ ಅವನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಪೇಟೆಯಿಂದ ಯಾರೋ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದರು: ಕಣ್ಣಿಲ್ಲದವನ ನಾಯಿಯನ್ನು ಬೀದಿನಾಯಿ ಎಂದು ಹಿಡಿದದ್ದು ಯಾರು?

"ನೋಟೀಸು ಕೊಟ್ಟಿದ್ದೆವು, ಅವರು ಲೈಸನ್ಸು ಮಾಡಿಸಲಿಲ್ಲ. ಓದಿ ಹೇಳಿದ್ದು ನೀವಂತೆ. ನಾಯಿ ವಾಪಸು ಕೊಡಿ, ಆದರೆ ಈ ಕಾಗದಕ್ಕೆ ಕುಂಞನ ಹೆಬ್ಬೆಟ್ಟು ಬೇಕು. ಹೆಬ್ಬೆಟ್ಟು ಬಿದ್ದರೆ ಸ್ಥಾಯೀ ಸಮಿತಿ ನಿಮಗೆ. ಬೀಳದಿದ್ದರೆ ನಿಮ್ಮ ಮೇಲೆ ತನಿಖೆ."

ಕಾಗದದಲ್ಲಿ ಎಂತ ಉಂಟೆಂದು ಕುಶಲ್ ಹೊರಗೆ ವರಾಂಡದಲ್ಲಿ ತಗ್ಗಿದ ಸ್ವರದಲ್ಲಿ ಹೇಳಿದ. "ಬೊಳ್ಳು ಎಂಬ ನಾಯಿ ಯಾವತ್ತೂ ನನ್ನದಾಗಿರಲಿಲ್ಲ. ಮೆಂಬರ್ ದಯೆಯಿಂದ ಕೊಟ್ಟ ಈ ನಾಯಿಯನ್ನು ಸ್ವೀಕರಿಸಿದ್ದೇನೆ. ನಾನು ಹೊಂಡಕ್ಕೆ ಬಿದ್ದದ್ದು ನನ್ನದೇ ಅಜಾಗ್ರತೆಯಿಂದ. ಯಾರ ಮೇಲೂ ದೂರಿಲ್ಲ. ಇಷ್ಟೇ ಸಾರ್. ಆದರೆ ನೀವೇ ಓದಿದ್ದೀರಲ್ಲ."

"ಓದಿದೆ," ಎಂದ ತಿರುಮಲೇಶ್ವರ.

ಮನೆಯಲ್ಲಿ ಮೂಕಾಂಬಿಕಾ ಬೊಳ್ಳುವನ್ನು ಎತ್ತಿ ಜೀಪಿನ ಹಿಂದುಗಡೆ ಮಲಗಿಸಿದಳು. ಅಮ್ಮು ಹೆಸರು ಕರೆದ ದಿನದಿಂದ ಅದು ಸ್ವಲ್ಪ ಗಂಜಿ ನೆಕ್ಕುತ್ತಿತ್ತು.

"ಹೆಬ್ಬೆಟ್ಟು ಬಿದ್ದರೂ ಸರಿ, ಬೀಳದಿದ್ದರೂ ಸರಿ, ನಾಯಿಯನ್ನು ಅವರಿಗೆ ಬಿಟ್ಟು ಬನ್ನಿ," ಎಂದಳು. "ವಾಪಸು ತಂದರೆ ನೀವೂ ಜೀಪಿನಲ್ಲೇ ಇರಿ. ಊಟ ದೋಟಿಯಲ್ಲಿ ಕೊಡ್ತೇನೆ."

ಆಸ್ಪತ್ರೆಯ ಎರಡನೇ ಮಾಳಿಗೆಯ ಸಾಲಿನಲ್ಲಿ ಕಿಟಕಿಯ ಪಕ್ಕದ್ದು ಕುಂಞನ ಮಂಚ. ಕಾಲಿಗೆ ಭಾರ ಕಟ್ಟಿ ತೂಗಿಸಿದ್ದರು, ಬಲಗೈ ಬೆರಳಿನವರೆಗೆ ಪ್ಲಾಸ್ಟರಿನಲ್ಲಿತ್ತು. ಇನ್ನು ಮುಂಚಿನ ಹಾಗೆ ನಡೆಯಲಿಕ್ಕಿಲ್ಲ ಎಂದು ಡಾಕ್ಟರು ಬೆಳಿಗ್ಗೆಯೇ ಹೇಳಿ ಹೋಗಿದ್ದರು. ಅಮ್ಮು ಮಂಚದ ತುದಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ಆಚೀಚೆಯ ರೋಗಿಗಳು ಮೆಂಬರನ ಬಿಳಿ ಅಂಗಿ ಕಂಡು ಎದ್ದು ಕುಳಿತರು.

"ಕುಂಞಣ್ಣ, ನಾಯಿ ತಂದಿದ್ದೇನೆ. ಕೆಳಗೆ ಜೀಪಿನಲ್ಲಿ ಉಂಟು. ಲೈಸನ್ಸು ನಿಮ್ಮ ಹೆಸರಿಗೆ ಮಾಡಲಿಕ್ಕೆ ಒಂದು ಕಾಗದ. ಎಡಗೈಯ ಹೆಬ್ಬೆಟ್ಟು ಸಾಕು, ಶಾಯಿ ನಾನೇ ತಂದಿದ್ದೇನೆ."

"ಓದಿ ಹೇಳಿ," ಎಂದ ಕುಂಞ.

ತಿರುಮಲೇಶ್ವರ ಕನ್ನಡಕ ಹಾಕಿಕೊಂಡ. ಕಾಗದ ಕಣ್ಣೆದುರಿಗೆ ಬಂತು, ಸಾಲು ಸಾಲು ಜಿಲೇಬಿ. ಕುಶಲ್ ಹೇಳಿದ್ದನ್ನು ಈ ಮಂಚದ ಎದುರು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಬೇರೆ ಏನಾದರೂ ಹೊಸೆಯಲು ತಲೆ ಓಡಲಿಲ್ಲ. ಬಾಯಿ ಮಾತ್ರ, ಇಪ್ಪತ್ತು ವರ್ಷದ ಅಭ್ಯಾಸದ ಬಾಯಿ, ತನ್ನಷ್ಟಕ್ಕೆ ಹೊರಟಿತು.

"ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿ ತಮಗೆ ತಿಳಿಯಪಡಿಸುವುದೇನೆಂದರೆ, ತಮ್ಮ ಸಹಕಾರಕ್ಕೆ..."

"ಪಂಚಾಯತು ಸಂತೋಷ ವ್ಯಕ್ತಪಡಿಸುತ್ತದೆ," ಎಂದ ಕುಂಞ.

ಮೆಂಬರ್ ಕಾಗದವನ್ನು ಇನ್ನಷ್ಟು ಹತ್ತಿರ ಹಿಡಿದ.

"ವಾಹನ ಬರುವುದು. ನಾಯಿಯನ್ನು..."

"ಸ್ನಾನ ಮಾಡಿಸಿ ಸಿದ್ಧವಾಗಿಡತಕ್ಕದ್ದು. ಗಣತಿ ಮುಗಿದ ಬಳಿಕ ಅದೇ ವಾಹನದಲ್ಲಿ ಹಿಂತಿರುಗಿಸಲಾಗುವುದು." ಮಂದಿರದ ಮೆಟ್ಟಿಲಿನಿಂದ ಬರುತ್ತಿದ್ದ ಅದೇ ಮೆಲುದನಿ, ಒಂದು ಅಕ್ಷರವೂ ಆಚೀಚೆ ಇಲ್ಲ. "ಹನ್ನೆರಡನೇ ತಾರೀಕು ಎಂಬುದನ್ನು ಈ ಸಲ ಬಿಟ್ಟಿರಿ ಮೆಂಬರಣ್ಣ."

ಅಮ್ಮುವಿನ ಕೈ ಬೀಡಿಯ ಮೇಲೆ ನಿಂತಿತು. ಪಕ್ಕದ ಮಂಚದವನು ನಗಲು ಬಾಯಿ ತೆರೆದವನು ಹಾಗೆಯೇ ಮುಚ್ಚಿದ. ಕೆಳಗಿನಿಂದ, ಜೀಪುಗಳು ನಿಲ್ಲುವ ಕಡೆಯಿಂದ, ಒಂದು ನಾಯಿ ಸಣ್ಣದಾಗಿ ಬೊಗಳಿತು.

"ಗಾಬರಿಪಡುವ..." ಎಂದು ತಿರುಮಲೇಶ್ವರ ಮುಗಿಸಲು ನೋಡಿದ. ಶಾಯಿಯ ಡಬ್ಬಿಯ ಮುಚ್ಚಳ ತೆಗೆದು ಮಂಚದ ಅಂಚಿಗಿಟ್ಟ. ಅವನ ಬೆರಳಿಗೇ ನೀಲಿ ಹತ್ತಿತು.

"ಒಂದು ಗುರುತು ಸಾಕು ಕುಂಞಣ್ಣ. ನನ್ನ ಮರ್ಯಾದೆಯ ಪ್ರಶ್ನೆ. ನಾಯಿ ಕೆಳಗೆ ಉಂಟು. ಒತ್ತಿಬಿಡಿ."

ಕುಂಞ ಎಡಗೈಯ ಹೆಬ್ಬೆಟ್ಟನ್ನು ಒಳಗೆ ಮಡಚಿ, ಅದರ ಮೇಲೆ ನಾಲ್ಕು ಬೆರಳುಗಳನ್ನೂ ಮುಚ್ಚಿದ.

"ನಾಯಿ ಕೆಳಗೆ ಇರುವುದು ನನಗೆ ಆಗಲೇ ಕೇಳಿಸಿತು," ಎಂದ. "ಒತ್ತುವುದಿಲ್ಲ."